ಔಷಧಿ ಪಂಪು ಕೈಕೊಟ್ಟಾಗ: ದೋಷ ಹುಡುಕುವ ಬಗೆ, ಒಳಗಿನ ವಿಷ ನಿಭಾಯಿಸುವ ಬಗೆ

ಔಷಧಿ ಪಂಪು ಕೆಟ್ಟಿದ್ದು ಗೊತ್ತಾಗುವುದು ಯಾವಾಗಲೂ ತೋಟದ ನಡುವೆಯೇ. ಟ್ಯಾಂಕು ಅರ್ಧ ತುಂಬಿರುತ್ತದೆ. ಬಿಸಿಲು ಏರುತ್ತಿರುತ್ತದೆ. ಗಾಳಿ ಶುರುವಾಗುವ ಮುಂಚೆ ಇನ್ನೆರಡು ಸಾಲು ಮುಗಿಸಬೇಕು ಅನ್ನೋ ಅವಸರ ಬೇರೆ. ಆಗ ಮಾಡುವ ಮೊದಲ ಕೆಲಸ ಏನು? ಹೆಗಲಿನಿಂದ ಇಳಿಸಿ, ಬರಿಗೈಯಲ್ಲಿ ನಾಜಲ್ (ಹನಿ ಹೊರಗೆ ಬರುವ ತುದಿ) ಬಿಚ್ಚಿ, ಬಾಯಿಂದ ಊದುವುದು. ಬೆಂಗಳೂರಿನ ಸುತ್ತ ಯಾವ ಕಡೆ ಹೋದರೂ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟವಾಗಲಿ, ಹೊಸಕೋಟೆಯ ಗುಲಾಬಿ ತೋಟವಾಗಲಿ, ಆನೇಕಲ್ಲಿನ ತರಕಾರಿ ಹೊಲವಾಗಲಿ, ಇದೇ ಅಭ್ಯಾಸ.

ಪಂಪು ರಿಪೇರಿ ದೊಡ್ಡ ವಿದ್ಯೆ ಏನಲ್ಲ. ಆದರೆ ಪ್ರತಿ ರಿಪೇರಿಯಲ್ಲೂ ಒಂದಿಷ್ಟು ವಿಷದ ನೀರು ಹೊರಗೆ ಬರುತ್ತದೆ. ಅದು ಕೈಗೆ ಬರುತ್ತದೋ, ಕಾಲುವೆಗೆ ಹೋಗುತ್ತದೋ, ವಾಪಸ್ಸು ಬೆಳೆಗೇ ಹೋಗುತ್ತದೋ ಅನ್ನುವುದನ್ನು ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ತೀರ್ಮಾನ ಮಾಡಿಕೊಳ್ಳಬೇಕು. ಅದಕ್ಕೇ ಇಲ್ಲಿ ದೋಷ ಹುಡುಕುವುದನ್ನೂ ವಿಷ ವಿಲೇವಾರಿಯನ್ನೂ ಬೇರೆ ಬೇರೆ ಮಾಡಿಲ್ಲ.

ಮೊದಲು: ಸಾದಾ ನೀರಿನ ಪರೀಕ್ಷೆ

ಯಾವ ದೋಷವಾದರೂ ಸರಿ, ಔಷಧಿ ತುಂಬಿದ ಪಂಪನ್ನು ಬಿಚ್ಚಬೇಡಿ. ಮೊದಲು ಸ್ವಿಚ್ ಆಫ್ ಮಾಡಿ. ಗನ್ನನ್ನು ಬೆಳೆಯ ಕಡೆಗೇ ಹಿಡಿದು ಟ್ರಿಗರ್ ಒತ್ತಿ, ಪೈಪಿನಲ್ಲಿ ಉಳಿದ ಒತ್ತಡ ಬಿಡಿಸಿ. ಟ್ಯಾಂಕಿನಲ್ಲಿರುವ ದ್ರಾವಣವನ್ನು ಮುಚ್ಚಳ ಇರುವ, ಇದಕ್ಕೆಂದೇ ಇಟ್ಟ ಪ್ಲಾಸ್ಟಿಕ್ ಕ್ಯಾನಿಗೆ ಸುರಿದಿಡಿ. ಆ ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ‘ವಿಷ’ ಅಂತ ಬರೆದಿರಬೇಕು. ಖಾಲಿ ನೀರಿನ ಬಾಟಲಿ, ಎಣ್ಣೆ ಕ್ಯಾನು ಯಾವತ್ತೂ ಬೇಡ. ಬಾಯಾರಿದವರು ಬಾಟಲಿ ನೋಡುತ್ತಾರೆ, ಒಳಗೇನಿದೆ ಅಂತ ನೋಡುವುದಿಲ್ಲ.

ಕೈಗೆ ನೈಟ್ರೈಲ್ ಗವಸು ಹಾಕಿಕೊಳ್ಳಿ. ಬಟ್ಟೆಯ ಗವಸು ಹಾಕಿಕೊಂಡರೆ ಬರಿಗೈಗಿಂತ ಕಡೆ, ಅದು ಔಷಧಿ ಹೀರಿಕೊಂಡು ಚರ್ಮಕ್ಕೆ ಅಂಟಿಸಿಯೇ ಇಡುತ್ತದೆ.

ಆಮೇಲೆ ಟ್ಯಾಂಕಿಗೆ ಮೂರ್ನಾಲ್ಕು ಲೀಟರ್ ಸಾದಾ ನೀರು ಹಾಕಿ, ಚೆನ್ನಾಗಿ ಅಲ್ಲಾಡಿಸಿ, ಅದನ್ನು ಹೊಡೆದಿರುವ ಸಾಲಿಗೇ ಹೊಡೆಯಿರಿ. ಹೊಡೆಯಲು ಆಗದಷ್ಟು ಪಂಪು ಕೆಟ್ಟಿದ್ದರೆ ಆ ನೀರನ್ನೂ ಅದೇ ಕ್ಯಾನಿಗೆ ಸೇರಿಸಿ. ಮತ್ತೆ ಹೊಸ ನೀರು ಹಾಕಿ ಪಂಪು ಓಡಿಸಿ ನೋಡಿ.

ಇಲ್ಲಿ ದಾರಿ ಎರಡಾಗುತ್ತದೆ. ಸಾದಾ ನೀರಿನಲ್ಲೂ ಪಂಪು ಸರಿಯಾಗಿ ಹೊಡೆಯದಿದ್ದರೆ ದೋಷ ಯಂತ್ರದಲ್ಲಿದೆ. ಸಾದಾ ನೀರಿನಲ್ಲಿ ಚೆನ್ನಾಗಿ ಹೊಡೆದು, ಔಷಧಿ ಹಾಕಿದಾಗ ಮಾತ್ರ ನಿಂತರೆ ದೋಷ ದ್ರಾವಣದಲ್ಲಿದೆ. ಈ ಒಂದು ಪರೀಕ್ಷೆ ಮಾಡದೆ ಹೊಸ ಮೋಟರ್ ಹಾಕಿಸಿಕೊಂಡು, ಮಾರನೇ ದಿನ ಅದೇ ದೂರು ಹೊತ್ತು ಬರುವವರು ಬೇಕಾದಷ್ಟು ಜನ ಇದ್ದಾರೆ.

ಹನಿ ಸಣ್ಣಗಾಗಿದೆ, ಅಥವಾ ಬರುತ್ತಲೇ ಇಲ್ಲ

ಬ್ಯಾಟರಿ ಪಂಪಿನ ಮಾತು ಮೊದಲು, ಈಗ ಎಲ್ಲರ ಹೆಗಲ ಮೇಲೂ ಅದೇ ಇದೆ. ಸಾಮಾನ್ಯವಾಗಿ 16 ಲೀಟರ್ ಟ್ಯಾಂಕು, 12 ವೋಲ್ಟ್ 8 ಆಂಪಿಯರ್ ಅವರ್ ಬ್ಯಾಟರಿ, ಒಳಗೆ ಒಂದು ಪುಟ್ಟ ಡಯಾಫ್ರಾಮ್ ಪಂಪು, ಅಂದರೆ ರಬ್ಬರ್ ಪರದೆ ಅಲುಗಾಡಿ ನೀರು ತಳ್ಳುವಂಥದ್ದು.

ಕಿವಿ ಕೊಟ್ಟು ಕೇಳಿದರೆ ಅರ್ಧ ಕೆಲಸ ಆದಂತೆ. ಸ್ವಿಚ್ ಹಾಕಿದಾಗ ಮೋಟರ್ ಸದ್ದೇ ಇಲ್ಲ ಅಂದರೆ ಫ್ಯೂಸ್, ಸ್ವಿಚ್, ಬ್ಯಾಟರಿಯ ವೈರು, ಈ ಮೂರನ್ನು ನೋಡಿ. ಟ್ಯಾಂಕಿನ ತಳದ ಮುಚ್ಚಳ ತೆಗೆದರೆ ವೈರಿನ ಕ್ಲಿಪ್ಪಿಗೆ ಹಸಿರು ತುಕ್ಕು ಹಿಡಿದಿರುವುದು ಕಾಣುತ್ತದೆ. ಮೇಲಿಂದ ತೊಟ್ಟಿಕ್ಕಿದ ಔಷಧಿಯ ಕೆಲಸ ಅದು. ಉಪ್ಪುಕಾಗದದಿಂದ ಉಜ್ಜಿ ಹಾಕಿದರೆ ಓಡುತ್ತದೆ, ಆದರೆ ಮೇಲಿನ ಸೋರಿಕೆ ಹುಡುಕದಿದ್ದರೆ ಮತ್ತೆ ಬರುತ್ತದೆ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಆ ಪುಡಿಯಲ್ಲೂ ಔಷಧಿ ಇರುತ್ತದೆ.

ಮೋಟರ್ ಸದ್ದು ಬರುತ್ತಿದೆ, ನೀರು ಬರುತ್ತಿಲ್ಲ ಅಂದರೆ ಒಳಗೆ ಗಾಳಿ ಕಟ್ಟಿದೆ, ಅಥವಾ ಟ್ಯಾಂಕಿನ ತಳದ ಜಾಲರಿ ಕಟ್ಟಿದೆ. ನಾಜಲ್ ಬಿಚ್ಚಿ, ಗನ್ನನ್ನು ಕೆಳಗೆ ಹಿಡಿದು ಟ್ರಿಗರ್ ಒತ್ತಿ ಸ್ವಲ್ಪ ಹೊತ್ತು ಓಡಿಸಿ. ಗಾಳಿಯಾದರೆ ಗುಳುಗುಳು ಅಂತ ಹೋಗುತ್ತದೆ. ಹೋಗದಿದ್ದರೆ ಜಾಲರಿ ತೆಗೆದು ತೊಳೆಯಿರಿ. ಅದಕ್ಕೂ ಬಗ್ಗದಿದ್ದರೆ ಡಯಾಫ್ರಾಮಿನ ಒಳಗಿನ ಪುಟ್ಟ ರಬ್ಬರ್ ವಾಲ್ವ್ ಅಂಟಿಕೊಂಡಿದೆ. ಹೋದ ಸಲ ಹೊಡೆದು ತೊಳೆಯದೆ ಇಟ್ಟ ಪಂಪಿಗೆ ಹೆಚ್ಚಾಗಿ ಬರುವ ಕಾಯಿಲೆ ಇದು.

ಟ್ರಿಗರ್ ಬಿಟ್ಟರೂ ಮೋಟರ್ ಟಕ್ ಟಕ್ ಅಂತ ಬಿಟ್ಟು ಬಿಟ್ಟು ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರಿಹೋಗುತ್ತಿದೆ. ಟ್ರಿಗರ್ ವಾಷರ್ರೋ ಪೈಪಿನ ಕ್ಲಿಪ್ಪೋ ನೋಡಿ. ನಿಲ್ಲದೆ ಓಡುತ್ತಲೇ ಇದ್ದರೆ ಪ್ರೆಷರ್ ಸ್ವಿಚ್ ಹೋಗಿದೆ, ಅದನ್ನು ಬದಲಾಯಿಸಬೇಕು.

ಬ್ಯಾಟರಿಯ ಅಳತೆ ಸುಲಭ. ಚಾರ್ಜ್ ಮಾಡಿ ಒಂದೆರಡು ಗಂಟೆ ಸುಮ್ನೆ ಬಿಟ್ಟು ಮೀಟರ್ ಹಿಡಿದರೆ ಒಳ್ಳೆಯ ಸೀಸದ ಬ್ಯಾಟರಿ 12.7 ವೋಲ್ಟ್ ಹತ್ತಿರ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಹಿಡಿದಿಲ್ಲ ಅಂತ ಅರ್ಥ. ಮೋಟರ್ ಓಡುತ್ತಿರುವಾಗ 10.5ಕ್ಕೆ ಇಳಿದುಬಿಟ್ಟರೆ ಆ ಬ್ಯಾಟರಿಯ ಆಸೆ ಬಿಡಿ. ಹೊಸದು ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಊರಿನ ಅಂಗಡಿಯಲ್ಲೋ ತಗೊಳ್ಳುವಾಗ ಹಳೆಯದನ್ನು ಅಲ್ಲೇ ಕೊಟ್ಟು ಬನ್ನಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರುಬಳಕೆಗೆ ಹೋಗಲೇಬೇಕು. ಒಡೆದು ಸೀಸ ತೆಗೆಯುವವರಿಗೆ ಕೊಟ್ಟರೆ ಆಸಿಡ್ಡು ಯಾರದೋ ಚರಂಡಿ ಸೇರುತ್ತದೆ.

ನಾಜಲ್

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಕಟ್ಟಿಕೊಂಡ ನಾಜಲನ್ನು ಬಾಯಿಂದ ಊದಬಾರದು ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಊದುತ್ತಾರೆ. ಕಾರಣ ಇಷ್ಟೇ, ಆ ಹೊತ್ತಿಗೆ ಕೈಯಲ್ಲಿ ಬೇರೇನೂ ಇರುವುದಿಲ್ಲ. ಹಳೆಯ ಟೂತ್‌ಬ್ರಷ್ ಒಂದನ್ನು ದಾರ ಕಟ್ಟಿ ಪಂಪಿನ ಬೆಲ್ಟಿಗೇ ನೇತುಹಾಕಿ. ಅದು ಇನ್ನು ಮೇಲೆ ಪಂಪಿನದೇ, ಬಚ್ಚಲುಮನೆಗೆ ವಾಪಸ್ಸು ಬರಬಾರದು. ಜೇಬಿನಲ್ಲಿ ಒಂದು ಹೊಸ ನಾಜಲ್ ತುದಿ ಇದ್ದರೆ ಇನ್ನೂ ಒಳ್ಳೆಯದು. ಕಟ್ಟಿದ್ದನ್ನು ತೆಗೆದು ಡಬ್ಬಿಗೆ ಹಾಕಿಕೊಂಡು, ಹೊಸದನ್ನು ಸಿಕ್ಕಿಸಿ ಕೆಲಸ ಮುಗಿಸಬಹುದು. ಮನೆಗೆ ಬಂದ ಮೇಲೆ ಸೋಪಿನ ನೀರಿನಲ್ಲಿ ನೆನೆಹಾಕಿ ಉಜ್ಜಿ.

ಸೂಜಿ, ಪಿನ್ನು, ತಂತಿ ಹಾಕಬೇಡಿ. ತೂತು ಬಿಡಿಸಿದಂತೆ ಕಾಣುತ್ತದೆ, ಆದರೆ ಅಂಚು ಕಿತ್ತುಹೋಗುತ್ತದೆ. ಆಮೇಲೆ ಹನಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ದಪ್ಪ ಬಿದ್ದ ಕಡೆ ಎಲೆ ಸುಡುತ್ತದೆ, ಸಣ್ಣ ಬಿದ್ದ ಕಡೆ ಹುಳ ಉಳಿಯುತ್ತದೆ.

ಸವೆದ ನಾಜಲ್ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅಳತೆ ಮಗ್ಗು ಬೇಕು. ಸಾದಾ ನೀರು ತುಂಬಿ, ಒಂದು ನಿಮಿಷ ಮಗ್ಗಿಗೆ ಹೊಡೆದು ಎಷ್ಟು ಬಂತು ನೋಡಿ. ಅದೇ ಥರದ ಹೊಸ ನಾಜಲ್ ಹಾಕಿ ಮತ್ತೆ ಅಳೆಯಿರಿ. ಹಳೆಯದು ಹೊಸದಕ್ಕಿಂತ ನೂರಕ್ಕೆ 10ಕ್ಕಿಂತ ಜಾಸ್ತಿ ಬಿಡುತ್ತಿದ್ದರೆ ಬಿಸಾಡಿ. ಹೊಸದು 600 ಮಿಲಿ ಬಿಟ್ಟು ಹಳೆಯದು 700 ಬಿಟ್ಟರೆ ಲೆಕ್ಕ ಹಾಕಿ: ಆರು ಟ್ಯಾಂಕಿನಲ್ಲಿ ಮುಗಿಯಬೇಕಾದ ಜಾಗಕ್ಕೆ ಏಳು ಟ್ಯಾಂಕು ಹೋಗುತ್ತಿದೆ. ಹತ್ತಿಪ್ಪತ್ತು ರೂಪಾಯಿಯ ತುಂಡು ಉಳಿಸಲು ಹೋಗಿ ಒಂದು ಟ್ಯಾಂಕು ಔಷಧಿ ಸುಮ್ನೆ ಸುರಿದಂತಾಯಿತು, ಅಲ್ವಾ?

ಹುಳಕ್ಕೆ, ರೋಗಕ್ಕೆ ಟೊಳ್ಳು ಕೋನಿನ ನಾಜಲ್, ಕಳೆಗೆ ಚಪ್ಪಟೆ ಬೀಸಣಿಗೆ ಥರ ಹೊಡೆಯುವ ನಾಜಲ್. ಕಳೆ ಔಷಧಿಯನ್ನು ಕೋನಿನಲ್ಲಿ ಹೊಡೆದರೆ ಹನಿ ಮಂಜಾಗಿ ಪಕ್ಕದ ಬೆಳೆಗೆ ಹಾರುತ್ತದೆ. ಪಂಪು ಸರಿ ಇದೆ, ಬೆಳೆ ಮಾತ್ರ ಸುಟ್ಟಿದೆ ಅನ್ನುವ ದೂರುಗಳಲ್ಲಿ ಇದೂ ಒಂದು ಕಾರಣ.

ಸಾದಾ ನೀರಿಗೆ ಓಡುತ್ತದೆ, ಔಷಧಿಗೆ ಕಟ್ಟುತ್ತದೆ

ಇಲ್ಲಿ ಪಂಪಿನ ತಪ್ಪಿಲ್ಲ. ಟ್ಯಾಂಕಿನಲ್ಲಿ ದ್ರಾವಣ ಗಂಟು ಕಟ್ಟಿದೆ, ಹಾಲಿನಂತೆ ಒಡೆದಿದೆ, ಅಥವಾ ತಳದಲ್ಲಿ ಕೆಸರು ಕೂತಿದೆ.

ಒಂದೇ ಟ್ಯಾಂಕಿಗೆ ಹುಳದ್ದು, ರೋಗದ್ದು, ಎಲೆಗೊಬ್ಬರ, ಟಾನಿಕ್ಕು ಎಲ್ಲ ಸುರಿಯುವ ಚಾಳಿ ನಮ್ಮಲ್ಲಿ ಇದೆ. ಕೂಲಿ ಉಳಿಯುತ್ತದೆ ಅನ್ನುವುದು ಅರ್ಥವಾಗುವ ಮಾತೇ. ಆದರೆ ಬೆರೆಸಲೇಬೇಕು ಅಂದರೆ ಮೊದಲು ಗಾಜಿನ ಜಾಡಿಯಲ್ಲಿ ಬೆರೆಸಿ ನೋಡಿ. ಒಂದು ಲೀಟರ್ ನೀರಿಗೆ ಟ್ಯಾಂಕಿನ ಪ್ರಮಾಣದಲ್ಲೇ ಹಾಕಿ, ಮುಚ್ಚಿ ಅಲ್ಲಾಡಿಸಿ, ಅರ್ಧ ಗಂಟೆ ಬಿಡಿ. ಪದರ ಬಿಟ್ಟುಕೊಂಡರೆ, ಗಂಟಾದರೆ, ಜಾಡಿ ಬಿಸಿಯಾದರೆ ಆ ಜೋಡಿ ಬೇಡ. ಜಾಡಿಯಲ್ಲಿ ಒಂದು ಲೀಟರ್ ಹಾಳಾಗುವುದು, ಟ್ಯಾಂಕಿನಲ್ಲಿ 16 ಲೀಟರ್ ಹಾಳಾಗುವುದಕ್ಕಿಂತ ಎಷ್ಟೋ ವಾಸಿ. ಆ ಜಾಡಿ ಮತ್ತೆ ಅಡುಗೆಮನೆಗೆ ಹೋಗಬಾರದು ಅಂತ ಬೇರೆ ಹೇಳಬೇಕಿಲ್ಲ.

ಹಾಕುವ ಕ್ರಮವೂ ಮುಖ್ಯ. ಅರ್ಧ ಟ್ಯಾಂಕು ನೀರು, ಆಮೇಲೆ ಪುಡಿ ಮತ್ತು ಹರಳಿನ ಔಷಧಿ, ಆಮೇಲೆ ಗಟ್ಟಿ ದ್ರವದಂಥದ್ದು, ಆಮೇಲೆ ನೀರಿಗೆ ಹಾಕಿದರೆ ಬೆಳ್ಳಗಾಗುವ ಇ.ಸಿ. ಔಷಧಿ, ಕೊನೆಗೆ ನೀರಿನಲ್ಲಿ ಪೂರ್ತಿ ಕರಗುವಂಥದ್ದು. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯದೆ, ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕೋಲಿನಿಂದ ಕಲಸಿ, ಸೋಸಿ ಹಾಕಿ. ಕೈ ಹಾಕಿ ಕಲಸುವುದು ಬೇಡ.

ಬೋರ್ಡೋ ದ್ರಾವಣದ ಕತೆ ಬೇರೆ. ದ್ರಾಕ್ಷಿಗೆ ಚಾಟನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಡೌನಿ ಬೂಜು ರೋಗಕ್ಕೆ ಇದನ್ನು ಹೊಡೆಯುವವರಿಗೆ ನಾಜಲ್ ಕಟ್ಟುವ ಕಾಟ ತಪ್ಪಿದ್ದಲ್ಲ. ನೂರಕ್ಕೆ ಒಂದರ ಬೋರ್ಡೋಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಬೇಕು. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಲೇಬೇಕು. ನಾಜಲ್ ಕಟ್ಟುವುದು ಹೆಚ್ಚಾಗಿ ಸುಣ್ಣದ ಕಲ್ಲುಪುಡಿಯಿಂದ. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣ ಬೇಡ.

ಬೆರೆಸಿದ ಮೇಲೆ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಮೊಳೆಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಮೊಳೆಯ ಮೇಲೆ ಕೆಂಪು ತಾಮ್ರದ ಪೊರೆ ಕೂತಿದ್ದರೆ ಮೈಲುತುತ್ತ ಇನ್ನೂ ಹಾಗೇ ಉಳಿದಿದೆ. ಅದು ಎಲೆಯನ್ನೂ ಸುಡುತ್ತದೆ, ಪಂಪಿನ ಲೋಹದ ಭಾಗವನ್ನೂ ತಿನ್ನುತ್ತದೆ. ಪೊರೆ ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸುತ್ತಾ ಹೋಗಿ. ಬೋರ್ಡೋವನ್ನು ಮಾಡಿದ ದಿನವೇ ಹೊಡೆದು ಮುಗಿಸಬೇಕು. ಅದರ ಜೊತೆಗೆ ಬೇರೆ ಕೀಟನಾಶಕ ಬೆರೆಸಬೇಡಿ, ಸುಣ್ಣದ ಕ್ಷಾರಕ್ಕೆ ಹಲವು ಔಷಧಿಗಳು ಒಡೆದುಹೋಗುತ್ತವೆ.

ಬೋರ್‌ವೆಲ್ ನೀರಿನ ಗಡಸುತನವೂ ಇಲ್ಲಿ ಸೇರುತ್ತದೆ. ಬೆಂಗಳೂರಿನ ಸುತ್ತ ಆಳದ ಬೋರಿನ ನೀರು ಹಲವು ಕಡೆ ಗಡಸು. ಗ್ಲೈಫೋಸೇಟ್ ಥರದ ಕಳೆ ಔಷಧಿ ನೀರಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಬಲ ಕಳೆದುಕೊಳ್ಳುತ್ತದೆ. ಕಳೆ ಸಾಯಲಿಲ್ಲ ಅಂತ ಪಂಪನ್ನೋ ಕಂಪನಿಯನ್ನೋ ಬೈದು, ಮುಂದಿನ ಸಲ ಎರಡು ಮುಚ್ಚಳ ಜಾಸ್ತಿ ಹಾಕುವುದು ಇದಕ್ಕೆ ಪರಿಹಾರ ಅಲ್ಲ. ಕೃಷಿ ಹೊಂಡದ ಮಳೆನೀರು ಇದ್ದರೆ ಸೋಸಿಕೊಂಡು ಅದನ್ನೇ ಬಳಸಿ. ಕೆಸರು ನೀರು ಮಾತ್ರ ಬೇಡ, ಮಣ್ಣಿನ ಕಣಕ್ಕೂ ಗ್ಲೈಫೋಸೇಟ್ ಅಂಟಿಕೊಳ್ಳುತ್ತದೆ.

ಸರಿ, ಒಡೆದ ದ್ರಾವಣ ಟ್ಯಾಂಕಿನಲ್ಲಿದೆ, ಈಗೇನು? ಗಂಟು ಸೋಸಿದರೆ ಹೊಡೆಯುವ ಹಾಗಿದ್ದರೆ, ಒಂದಕ್ಕೆ ಹತ್ತರಷ್ಟು ನೀರು ಸೇರಿಸಿ ತೆಳುಮಾಡಿ, ಲೇಬಲ್ಲಿನಲ್ಲಿ ಹೆಸರಿರುವ ಬೆಳೆಗೇ, ಇನ್ನೂ ಹೊಡೆಯದ ಭಾಗಕ್ಕೆ ಹೊಡೆಯಿರಿ. ಅದಾಗದಿದ್ದರೆ ‘ವಿಷ’ದ ಕ್ಯಾನಿನಲ್ಲಿ ಹಾಕಿ, ಔಷಧಿಯ ಹೆಸರು, ತಾರೀಖು ಬರೆದು ಬೀಗದ ಕೋಣೆಯಲ್ಲಿಡಿ. ಮುಂದೇನು ಮಾಡಬೇಕು ಅಂತ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಚರಂಡಿ, ರಾಜಕಾಲುವೆ, ಬಾವಿಕಟ್ಟೆ, ಶೌಚಾಲಯದ ಗುಂಡಿ, ಯಾವುದಕ್ಕೂ ಸುರಿಯಬೇಡಿ.

ಬೆನ್ನು ಒದ್ದೆಯಾಗುತ್ತಿದೆ

ಈ ಕೈಪಿಡಿಯಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಹನಿ ಬರದಿದ್ದರೆ ಬೆಳೆಗೆ ನಷ್ಟ, ಸೋರಿದರೆ ಹೊಡೆಯುವವರ ಮೈಗೇ ವಿಷ. ಬೆನ್ನು ಒದ್ದೆಯಾದರೆ ಬೆವರು ಅಂದುಕೊಂಡು ಕೆಲಸ ಮುಂದುವರಿಸುವುದೇ ಹೆಚ್ಚು.

ಬೆವರೋ ಸೋರಿಕೆಯೋ ತಿಳಿಯಲು, ಸಾದಾ ನೀರು ಪೂರ್ತಿ ತುಂಬಿದ ಪಂಪನ್ನು ಒಣ ರಟ್ಟಿನ ಮೇಲೆ ಇಟ್ಟು ಸ್ವಿಚ್ ಹಾಕಿ, ಟ್ರಿಗರ್ ಮುಚ್ಚಿಯೇ ಹತ್ತು ನಿಮಿಷ ಬಿಡಿ. ರಟ್ಟು ಎಲ್ಲಿ ಕಪ್ಪಾಯಿತು ನೋಡಿ. ಆಮೇಲೆ ಪಂಪನ್ನು ಮುಂದಕ್ಕೆ ಬಾಗಿಸಿ, ನೀವು ಬಗ್ಗಿದಾಗ ಬಾಗುವಷ್ಟೇ. ನಿಂತಾಗ ಸೋರದ ಮುಚ್ಚಳ ಬಗ್ಗಿದಾಗ ಕತ್ತಿನ ಹಿಂದಕ್ಕೆ ಸುರಿಯುತ್ತದೆ. ಮುಚ್ಚಳದ ರಬ್ಬರ್ ರಿಂಗು ಸವೆದಿರುತ್ತದೆ, ಇಲ್ಲವೇ ಗಾಳಿ ಹೋಗುವ ಪುಟ್ಟ ವಾಲ್ವ್ ಬಾಯಿ ಬಿಟ್ಟುಕೊಂಡಿರುತ್ತದೆ.

ಕೈ ಒದ್ದೆಯಾಗುತ್ತಿದ್ದರೆ ಟ್ರಿಗರಿನ ವಾಷರ್. ಬಿಚ್ಚಿ ನೋಡಿದರೆ ಅದು ಊದಿಕೊಂಡು ಜಾಗದಲ್ಲಿ ಕೂರದೆ ಒದ್ದಾಡುತ್ತಿರುತ್ತದೆ. ಇ.ಸಿ. ಔಷಧಿಗಳಲ್ಲಿರುವ ಸಾಲ್ವೆಂಟು ಸಾಮಾನ್ಯ ರಬ್ಬರನ್ನು ಊದಿಸುತ್ತದೆ. ಅಂಗಡಿಯಲ್ಲಿ ಸಾಲ್ವೆಂಟು ತಡೆಯುವ ವೈಟನ್ ರಬ್ಬರಿನ ವಾಷರ್ ಕೇಳಿ, ಸ್ವಲ್ಪ ದುಬಾರಿ, ಬಾಳಿಕೆ ಜಾಸ್ತಿ. ಸೋರುವ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತುವುದು, ಎಂ-ಸೀಲ್ ಮೆತ್ತುವುದು ನೀರಿನ ಪೈಪಿಗೆ ಸರಿ. ವಿಷದ ಪೈಪಿಗೆ ಬೇಡ.

ಸೋರಿಕೆ ಗೊತ್ತಾದ ತಕ್ಷಣ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಸ್ನಾನ ಮಾಡಿ. ಕಣ್ಣಿಗೆ ಬಿದ್ದರೆ ಕಣ್ಣು ತೆರೆದು 15 ನಿಮಿಷ ಹರಿಯುವ ನೀರು ಬಿಡಿ. ಆ ಬಟ್ಟೆ ಬೇರೆಯಾಗಿ ಒಗೆಯಬೇಕು, ಮಕ್ಕಳ ಬಟ್ಟೆ ಜೊತೆ ಅಲ್ಲ.

ತಲೆಸುತ್ತು, ವಾಂತಿ, ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣಿನ ಪಾಪೆ ಚುಕ್ಕೆಯಷ್ಟಾಗುವುದು, ಸ್ನಾಯು ಅದುರುವುದು, ಇವು ಆರ್ಗನೋಫಾಸ್ಫೇಟ್ ಅನ್ನುವ ಗುಂಪಿನ ಕೀಟನಾಶಕ ಮೈಗೆ ಹೋದ ಲಕ್ಷಣ. ಬಿಸಿಲಿಗೆ ಹೀಗಾಯಿತು ಅಂತ ಮಜ್ಜಿಗೆ ಕುಡಿಸಿ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಔಷಧಿಯ ಲೇಬಲ್ಲನ್ನು ತಗೊಂಡು ಹೋಗಿ, ಮಾತ್ರೆಗಿಂತ ಮುಂಚೆ ಡಾಕ್ಟರಿಗೆ ಬೇಕಾದ್ದು ಅದೇ. ಈ ಗುಂಪಿನ ವಿಷಕ್ಕೆ ಅಟ್ರೋಪಿನ್ ಅನ್ನುವ ಪ್ರತಿವಿಷ ಇದೆ. ಪ್ಯಾರಾಕ್ವಾಟ್ ಅನ್ನುವ ಕಳೆ ಔಷಧಿಗೆ ಪ್ರತಿವಿಷವೇ ಇಲ್ಲ. ನುಂಗಿದವರಿಗೆ ನೀವಾಗಿ ವಾಂತಿ ಮಾಡಿಸಲು ಹೋಗಬೇಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800-116-117. ಪಂಪಿಟ್ಟ ಕೋಣೆಯ ಬಾಗಿಲ ಮೇಲೆ ಬರೆದಿಡಿ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಹಲವು ರೈತರು, ಕೂಲಿಗಳು ಸತ್ತರು. ಅವರು ವಿಷ ಕುಡಿದವರಲ್ಲ, ಹೊಡೆದವರು.

ಡಬ್ಬಿಯ ಮೇಲಿನ ಬಣ್ಣದ ಚೌಕ ನೋಡಿಕೊಳ್ಳಿ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತ ಅಲ್ಲ. ನನ್ನ ಮಾತು ಕೇಳುವುದಾದರೆ, ಕೆಂಪು ಮತ್ತು ಹಳದಿ ಬಣ್ಣದವನ್ನು ಹಳೆಯ, ಸೋರುವ ಪಂಪಿಗೆ ಹಾಕಲೇಬೇಡಿ.

ಎಚ್‌ಟಿಪಿ ಪಂಪು: ಮುಳ್ಳು ಕುಣಿಯುತ್ತದೆ, ಆಯಿಲ್ ಬೆಳ್ಳಗಾಗಿದೆ

ಎಂಜಿನ್ ಅಥವಾ ಟ್ರ್ಯಾಕ್ಟರಿಗೆ ಜೋಡಿಸುವ ಮೂರು ಪಿಸ್ಟನ್ನಿನ ಈ ಎಚ್‌ಟಿಪಿ ಪಂಪಿನಲ್ಲಿ ಒತ್ತಡ ತೋರಿಸುವ ಗೇಜಿನ ಮುಳ್ಳು ಕುಣಿದರೆ ಮೊದಲು ಹೀರುವ ಪೈಪನ್ನು ನೋಡಿ. ಕ್ಲಿಪ್ಪು ಸಡಿಲವಾಗಿ ಗಾಳಿ ಎಳೆಯುತ್ತಿರಬಹುದು. ಜಾಲರಿ ಡ್ರಮ್ಮಿನ ನೀರಿನ ಮೇಲೆ ತೇಲುತ್ತಿರಬಹುದು. ಇವೆರಡೂ ಸರಿ ಇದ್ದರೆ ಯಾವುದೋ ಒಂದು ವಾಲ್ವಿಗೆ ಕಸ ಸಿಕ್ಕಿರಬಹುದು. ವಾಲ್ವ್ ಬಿಚ್ಚುವ ಮುಂಚೆ ಒತ್ತಡವನ್ನು ಸೊನ್ನೆಗೆ ಇಳಿಸಿ, ಎಂಜಿನ್ ಆರಿಸಿ.

ಪೈಪಿನಲ್ಲಿ ಸಣ್ಣ ತೂತಿನಿಂದ ಹೊಗೆಯಂತೆ ಸಿಡಿಯುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ. ಆ ಒತ್ತಡಕ್ಕೆ ಔಷಧಿ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪಂಪಿನ ಆಯಿಲ್ ಕಿಂಡಿಯಲ್ಲಿ ಇಣುಕಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ಒಳಗೆ ನೀರು ಸೇರಿದೆ. ಅಂದರೆ ಔಷಧಿಯೂ ಸೇರಿದೆ. ಗ್ರೀಸ್ ತುಂಬಿದ ಪುಟ್ಟ ಬಟ್ಟಲನ್ನು (ಗ್ರೀಸ್ ಕಪ್) ಕೆಲಸದ ನಡುವೆ ಆಗಾಗ ತಿರುಗಿಸದೆ ಬಿಟ್ಟರೆ ಪ್ಯಾಕಿಂಗು ಒಣಗಿ ಹೀಗಾಗುತ್ತದೆ. ಸೀಲ್ ಬದಲಾಯಿಸದೆ ಆಯಿಲ್ ಮಾತ್ರ ಬದಲಾಯಿಸಿದರೆ ಮತ್ತೆ ಅದೇ ಗತಿ.

ಈ ಬೆಳ್ಳಗಾದ ಆಯಿಲನ್ನು ಟ್ರ್ಯಾಕ್ಟರಿನ ಹಳೆಯ ಎಂಜಿನ್ ಆಯಿಲಿಗೆ ಬೆರೆಸಬೇಡಿ. ಎಂಜಿನ್ ಆಯಿಲನ್ನು ಮರುಬಳಕೆಯವರು ತಗೊಳ್ಳುತ್ತಾರೆ, ಔಷಧಿ ಸೇರಿದ್ದನ್ನು ಬೆರೆಸಿದರೆ ಇಡೀ ಡ್ರಮ್ಮು ಹಾಳು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಅಪಾಯಕಾರಿ ತ್ಯಾಜ್ಯವೇ. ಗೆದ್ದಲಿಗೆ ಒಳ್ಳೆಯದು ಅಂತ ಬೇಲಿ ಕಂಬಕ್ಕೆ, ಧೂಳು ಕೂರಲಿ ಅಂತ ಅಂಗಳಕ್ಕೆ ಸುರಿಯುವುದನ್ನು ಇನ್ನಾದರೂ ಬಿಡಬೇಕು.

ಪಂಪು ಸರಿ ಇದೆ, ಬೆಳೆ ಮುರುಟಿದೆ, ರೇಷ್ಮೆ ಹುಳ ಸತ್ತಿದೆ

ಯಂತ್ರದಲ್ಲಿ ಏನೂ ದೋಷ ಕಾಣದ ದೋಷ ಇದು. ದ್ರಾಕ್ಷಿಯ ಹೊಸ ಎಲೆ ಬೀಸಣಿಗೆಯಂತೆ ಮುದುರಿ, ನರಗಳೆಲ್ಲ ಒತ್ತೊತ್ತಾಗಿ ಬಂದಿದ್ದರೆ ಅದು ರೋಗವಲ್ಲ, 2,4-ಡಿ ಕಳೆ ಔಷಧಿ. ದ್ರಾಕ್ಷಿಗೆ ಅದರ ಒಂದು ಚೂರು ತಾಗಿದರೂ ಸಾಕು. ಪಕ್ಕದ ಹೊಲದಿಂದ ಗಾಳಿಗೆ ಬಂದಿರಬಹುದು. ಆದರೆ ಪಕ್ಕದವರ ಜೊತೆ ಜಗಳಕ್ಕೆ ಹೋಗುವ ಮುಂಚೆ ನಿಮ್ಮ ಪಂಪಿನಲ್ಲಿ ಹೋದ ಸಲ ಏನು ಹೊಡೆದಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಪೈಪಿನ ಒಳಗೋಡೆ, ರಬ್ಬರ್, ಜಾಲರಿ ಇವುಗಳಲ್ಲಿ ಅದು ಉಳಿಯುತ್ತದೆ.

ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಶಿಡ್ಲಘಟ್ಟ, ರಾಮನಗರ, ಈ ಕಡೆ ಹಿಪ್ಪುನೇರಳೆ ಬೆಳೆಯುವವರಿಗಂತೂ ಇದು ಇನ್ನೂ ದೊಡ್ಡ ಪೆಟ್ಟು. ಟೊಮ್ಯಾಟೊಗೆ ಹೊಡೆದ ಪಂಪಿನಲ್ಲೇ ಹಿಪ್ಪುನೇರಳೆಗೆ ಎಲೆಗೊಬ್ಬರ ಹೊಡೆದರೆ ಸೊಪ್ಪು ಹಸಿರಾಗೇ ಕಾಣುತ್ತದೆ. ಹುಳ ತಿಂದ ಮೇಲೆ ತಲೆ ಆಡಿಸುತ್ತದೆ, ರಸ ಕಕ್ಕುತ್ತದೆ, ಮೈ ಕುಗ್ಗಿಸಿಕೊಂಡು ಸಾಯುತ್ತದೆ. ಗೂಡು ಕಟ್ಟುವ ಹೊತ್ತಿಗೆ ಬಂದ ಹುಳವಾದರೆ ಇಡೀ ಬೆಳೆಯ ದುಡ್ಡು ಹೋಯಿತು.

ಪರಿಹಾರ: ಕಳೆ ಔಷಧಿಗೆ ಬೇರೆ ಪಂಪು, ಬೇರೆ ಬಣ್ಣದ್ದು. ಹಿಪ್ಪುನೇರಳೆಗೂ ಬೇರೆಯದೇ. ಇದರಲ್ಲಿ ರಾಜಿ ಬೇಡ. ಉಳಿದವಕ್ಕೆ, ಪ್ರತಿ ಸಲ ಹೊಡೆದ ಮೇಲೆ ಅದೇ ತೋಟದಲ್ಲೇ ಮೂರು ಸಲ ತೊಳೆಯಿರಿ. ಮೊದಲು ಸಾದಾ ನೀರು, ಆಮೇಲೆ ಸೋಪಿನ ಪುಡಿ ಹಾಕಿದ ನೀರು, ಕೊನೆಗೆ ಮತ್ತೆ ಸಾದಾ ನೀರು. ಪ್ರತಿ ಸಲವೂ ಪಂಪು ಓಡಿಸಿ, ಗನ್ನಿನ ಮೂಲಕವೇ ಹೊರಗೆ ಬಿಡಬೇಕು. ಬರೀ ಟ್ಯಾಂಕು ಕುಲುಕಿ ಚೆಲ್ಲಿದರೆ ಪೈಪಿನಲ್ಲಿದ್ದದ್ದು ಅಲ್ಲೇ ಇರುತ್ತದೆ. ಆ ತೊಳೆದ ನೀರು ಹೊಡೆದ ಬೆಳೆಗೇ ಹೋಗಲಿ. ಅದಕ್ಕೆಂದು ಕೊನೆಯ ಒಂದು ಸಾಲು ಹೊಡೆಯದೆ ಬಿಟ್ಟುಕೊಂಡರೆ ಅನುಕೂಲ.

ಕೆರೆಯ ಏರಿ ಮೇಲೆ ಪಂಪು ತೊಳೆಯುವುದನ್ನು ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆ ಈಗಲೂ ನೋಡಬಹುದು. ನಂದಿ ಬೆಟ್ಟದ ಕಡೆಯಿಂದ ಬರುವ ಅರ್ಕಾವತಿ ಈ ಕೆರೆಗಳನ್ನೇ ಹಾದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೋಗುತ್ತದೆ. ಒಂದು ಕಾಲಕ್ಕೆ ಬೆಂಗಳೂರು ಕುಡಿದದ್ದು ಅದೇ ನೀರು.

ಸಂಪಿನಲ್ಲಿ ನೊರೆ, ನೀರಿಗೆ ಔಷಧಿ ವಾಸನೆ

ಇದನ್ನು ಯಾರೂ ಪಂಪಿನ ದೋಷ ಅಂತ ಅಂದುಕೊಳ್ಳುವುದಿಲ್ಲ. ಡ್ರಮ್ಮಿಗೆ ಔಷಧಿ ಹಾಕಿ, ಬೋರಿನ ಪೈಪಿನ ತುದಿಯನ್ನು ಒಳಗೆ ಮುಳುಗಿಸಿ ನೀರು ಬಿಟ್ಟಿರುತ್ತಾರೆ. ತ್ರೀ ಫೇಸ್ ಕರೆಂಟು ಹೋಗುತ್ತದೆ, ಮೋಟರ್ ನಿಲ್ಲುತ್ತದೆ. ಪೈಪಿನ ನೀರು ಕೆಳಗಿಳಿಯುವಾಗ ಡ್ರಮ್ಮಿನಲ್ಲಿರುವುದನ್ನೂ ಹೀರಿಕೊಂಡು ಹೋಗುತ್ತದೆ, ಸಂಪಿಗೋ ಬೋರಿಗೋ. ಪೈಪಿನ ತುದಿ ಡ್ರಮ್ಮಿನ ಬಾಯಿಗಿಂತ ಒಂದು ಗೇಣು ಮೇಲೇ ಇರಬೇಕು, ಒಳಗೆ ಮುಳುಗಬಾರದು. ನೀರು ತುಂಬಿ, ಪೈಪು ತೆಗೆದು ದೂರ ಇಟ್ಟು, ಆಮೇಲೆ ಔಷಧಿ ಹಾಕಿದರೆ ಇನ್ನೂ ಕ್ಷೇಮ. ಈಗಾಗಲೇ ವಾಸನೆ ಬಂದಿದ್ದರೆ ಆ ನೀರನ್ನು ಜನ, ದನ ಯಾರೂ ಕುಡಿಯದಂತೆ ತಡೆದು, ಪರೀಕ್ಷೆ ಮಾಡಿಸಿ.

ಖಾಲಿ ಡಬ್ಬಿ

ಡಬ್ಬಿ ಖಾಲಿಯಾದ ಕ್ಷಣದಲ್ಲೇ ತೊಳೆಯಬೇಕು, ಸಂಜೆಗೆ ಒಣಗಿ ಅಂಟಿಕೊಳ್ಳುತ್ತದೆ. ತಲೆಕೆಳಗೆ ಹಿಡಿದು, ಹನಿ ಹನಿಯಾಗಿ ಬೀಳತೊಡಗಿದ ಮೇಲೂ ಅರ್ಧ ನಿಮಿಷ ಬಿಡಿ. ಕಾಲು ಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಕುಲುಕಿ, ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ದುಡ್ಡು ಕೊಟ್ಟ ಔಷಧಿ ಪೂರ್ತಿ ಬೆಳೆಗೆ ಹೋದಂತೆಯೂ ಆಯಿತು. ಆಮೇಲೆ ತಳಕ್ಕೆ ತೂತು ಹೊಡೆಯಿರಿ, ಯಾರೂ ಡೀಸೆಲ್ಲಿಗೋ ಸೀಮೆಎಣ್ಣೆಗೋ ಬಳಸದಂತೆ. ಗುಜರಿಗೆ ಮಾರಬೇಡಿ, ತಿಪ್ಪೆಯಲ್ಲಿ ಸುಡಬೇಡಿ.

1971ರ ಕೀಟನಾಶಕ ನಿಯಮಗಳ 44ನೇ ನಿಯಮ, ಖಾಲಿ ಡಬ್ಬಿಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು ಅನ್ನುತ್ತದೆ. ಬೆಂಗಳೂರಿನ ಸುತ್ತ ಜನವಸತಿಯಿಂದ ದೂರ ಅನ್ನುವ ಜಾಗ ಎಲ್ಲಿ ಉಳಿದಿದೆ ಹೇಳಿ. ಇವತ್ತು ಡಬ್ಬಿ ಹೂತ ಮೂಲೆ ನಾಳೆ ಮೂವತ್ತು ನಲವತ್ತರ ಸೈಟಾಗಿ, ಅಲ್ಲೇ ಬೋರ್ ಕೊರೆಯುತ್ತಾರೆ. ಅದಕ್ಕೆ ತೊಳೆದು ತೂತು ಮಾಡಿದ ಡಬ್ಬಿಗಳನ್ನು ಚೀಲದಲ್ಲಿ ಕಟ್ಟಿ ಬೀಗದಲ್ಲಿಟ್ಟು, ಸಂಗ್ರಹದ ವ್ಯವಸ್ಥೆ ಇದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲೂ ಔಷಧಿ ಮಾರಿದವರಲ್ಲೂ ಕೇಳುವುದೇ ಮೇಲು. ಊರೊಳಗೆ ತಾರಸಿ ತೋಟ ಮಾಡುವವರೂ ಇದರಿಂದ ಹೊರತಲ್ಲ. 2016ರ ಘನತ್ಯಾಜ್ಯ ನಿಯಮಗಳು ಕೀಟನಾಶಕದ ಡಬ್ಬಿಯನ್ನು ಮನೆಯ ಅಪಾಯಕಾರಿ ಕಸಕ್ಕೆ ಸೇರಿಸಿದ್ದವು. ಹಸಿ ಕಸದ ಬಕೆಟ್ಟಿಗೂ ಅಲ್ಲ, ಒಣ ಕಸದ ಚೀಲಕ್ಕೂ ಅಲ್ಲ, ಬೇರೆ ಕಟ್ಟಿ, ಹೇಳಿ ಕೊಡಬೇಕು.

ಇಷ್ಟಕ್ಕೂ ಸರಿಹೋಗದಿದ್ದರೆ

ರಿಪೇರಿ ಅಂಗಡಿಗೆ ತರುವ ಮುಂಚೆ ಪಂಪನ್ನು ತೋಟದಲ್ಲೇ ಮೂರು ಸಲ ತೊಳೆದು, ಖಾಲಿ ಮಾಡಿ, ಒಣಗಿಸಿ ತನ್ನಿ. ಮೋಟರ್ ಓಡದೆ ತೊಳೆಯಲು ಆಗದಿದ್ದರೆ ಹಾಗೇ ಹೇಳಿ, ಬಿಚ್ಚುವ ಹುಡುಗ ಗವಸು ಹಾಕಿಕೊಳ್ಳುತ್ತಾನೆ. ಬಸ್ಸಿನಲ್ಲಿ ಸೀಟಿನ ಕೆಳಗೆ, ಬೈಕಿನಲ್ಲಿ ತರಕಾರಿ ಚೀಲದ ಪಕ್ಕ ಇಟ್ಟು ತರಬೇಡಿ. ಕೊನೆಯ ಸಲ ಹೊಡೆದ ಔಷಧಿಯ ಲೇಬಲ್ಲಿನ ಫೋಟೋ ಫೋನಿನಲ್ಲಿರಲಿ. ಸಾದಾ ನೀರಿನ ಪರೀಕ್ಷೆಯಲ್ಲಿ ಏನಾಯಿತು, ಮೋಟರ್ ಸದ್ದು ಹೇಗಿತ್ತು, ರಟ್ಟಿನ ಮೇಲೆ ಕಲೆ ಎಲ್ಲಿ ಬಿತ್ತು, ಇಷ್ಟು ಹೇಳಿದರೆ ಮೆಕ್ಯಾನಿಕ್ಕು ಸುಮ್ನೆ ಎಲ್ಲ ಬಿಚ್ಚಿ ಹರಡುವುದಿಲ್ಲ, ಬಿಲ್ಲೂ ಕಮ್ಮಿಯಾಗುತ್ತದೆ.